ಕೆಂಪು ಶಿಲುಬೆಯ ನಿಲುವಂಗಿ

ಕೋಯಿರಾ, ೧೨ ಮಾರ್ಚ್ ೧೬೦೭

ಪ್ರೀತಿಯ ಅಕ್ಕ ಮೆನ್ಸಿಯಾಗೆ,

ಕೂತುಕೊಂಡು ಓದು. ಮ್ಯಾಡ್ರಿಡ್‌ನಿಂದ ನಿನ್ನೆ ಸುದ್ದಿ ಬಂತು. ಸರದಾರರ ಪಂಗಡದವರು ತೊಡುವ ಕೆಂಪು ಶಿಲುಬೆಯ ನಿಲುವಂಗಿಗೆ ನಾನು ಹಾಕಿದ್ದ ಅರ್ಜಿಯನ್ನು ದೊರೆಗಳು ಒಪ್ಪಿದ್ದಾರೆ. ನಿನ್ನ ತಮ್ಮ ಇನ್ನು ಮೇಲೆ ಬರೀ ಕುಂಟು ಸಿಪಾಯಿಯಲ್ಲ.

ಉಳಿದಿರುವುದು ವಂಶದ ವಿಚಾರಣೆ ಒಂದೇ. ಬೇಸಿಗೆಯಲ್ಲಿ ಇಬ್ಬರು ನಮ್ಮೂರಿಗೆ ಬರುತ್ತಾರೆ. ಒಬ್ಬ ಅದೇ ಶಿಲುಬೆ ತೊಟ್ಟ ಸರದಾರ, ಇನ್ನೊಬ್ಬ ಪಾದ್ರಿ. ನಮ್ಮ ತಾತಂದಿರು, ಅಜ್ಜಿಯರು ತಲೆತಲಾಂತರದಿಂದ ಕ್ರೈಸ್ತರೇ, ಯಹೂದಿಯರದಾಗಲಿ ಮುಸಲ್ಮಾನರದಾಗಲಿ ಒಂದು ಹನಿ ರಕ್ತವೂ ಬೆರೆತಿಲ್ಲವೇ ಎಂದು ಊರಿನ ಮುದುಕರನ್ನು ಕೇಳುತ್ತಾರೆ. ನಮ್ಮ ಮನೆಗೆ ಅದೊಂದು ಶಾಸ್ತ್ರ ಅಷ್ಟೆ. ಅವರಿಗೆ ಮೇಲಿನ ಕೋಣೆ ಬಿಟ್ಟುಕೊಡು. ಹಳೆಯ ದ್ರಾಕ್ಷಾರಸ ತೆಗೆ, ಅಡುಗೆಗೆ ಹಾಕುವ ಹುಳಿಯದ್ದನ್ನಲ್ಲ. ಅಜ್ಜ ಅಜ್ಜಿಯರ ಮದುವೆಯ ಕಾಗದಗಳು ಎಲ್ಲಿವೆ ಎಂದು ಅಮ್ಮನನ್ನು ಕೇಳಿಟ್ಟಿರು.

ಅಕ್ಕ, ಇಪ್ಪತ್ತೆರಡು ವರ್ಷ ಫ್ಲಾಂಡರ್ಸಿನ ಕೆಸರಿನಲ್ಲಿ ಸವೆದೆ. ಎಡಗೈಯ ಎರಡು ಬೆರಳು ಓಸ್ತೆಂದ್ ಕೋಟೆಯ ಕೆಳಗೆ ಉಳಿದವು. ಆಮೇಲೆ ಕತ್ತಿ ತೆಗೆಸಿ, ರಾಯಭಾರಿ ಎಂದು ಹೆಸರಿಟ್ಟು, ಈ ಬೆಟ್ಟದ ಜನರ ಮುಂದೆ ನಗುತ್ತಾ ಕೂರಲು ಕಳಿಸಿದರು. ಇಷ್ಟೆಲ್ಲ ಮಾಡಿಯೂ ಅಪ್ಪನ ಗೋರಿಯ ಮುಂದೆ ನಿಂತು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಇನ್ನು ಇರುತ್ತದೆ, ಎದೆಯ ಮೇಲೆ.

ಇಲ್ಲಿ ವಿಶೇಷವೇನಿಲ್ಲ. ಮಿಲಾನಿನಿಂದ ಹೊರಡುವ ನಮ್ಮ ಸೈನ್ಯಕ್ಕೆ ಕಣಿವೆಯ ದಾರಿ ಬಿಡಿ ಎಂದು ದಿನವೂ ಕೇಳುತ್ತೇನೆ. ಸಾಯಂಕಾಲ ಕುಡಿದಾಗ ಬಿಡುತ್ತೇವೆ ಅನ್ನುತ್ತಾರೆ, ಬೆಳಿಗ್ಗೆ ಇಲ್ಲ ಎಂದು ತಲೆ ಆಡಿಸುತ್ತಾರೆ. ಮನೆಯ ಮಾಲೀಕ ಹಾರ್ಟ್‌ಮನ್ ಚರ್ಮದ ವ್ಯಾಪಾರಿ, ಒಳ್ಳೆಯವನು, ನನ್ನ ದುಭಾಷಿಯೂ ಅವನೇ. ಮೇಲಿನ ಹಳ್ಳಿಗಳವರು ಬಾವುಟ ಹಿಡಿದು ಸಭೆ ಸೇರುತ್ತಿದ್ದಾರಂತೆ. ಹಿಮ ಕರಗುವಾಗ ಇಲ್ಲಿ ಹೀಗೇ ಅಂತೆ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಅಮ್ಮನ ಕೈಗೆ ನನ್ನ ಮುತ್ತು.

ನಿನ್ನ ತಮ್ಮ,
ಬೆಲ್ತ್ರಾನ್ ದೆ ಅರ್ವಿಸಾ


ರೊಬ್ಲೆದಾಲ್, ೨ ಮೇ ೧೬೦೭

ತಮ್ಮಾ ಬೆಲ್ತ್ರಾನ್,

ನಿನ್ನ ಪತ್ರ ಸಂತ ಮಾರ್ಕನ ಹಬ್ಬದ ದಿನ ಕೈಸೇರಿತು. ಕೂತೇ ಓದಿದೆ. ಬಹಳ ಸಂತೋಷ. ಅಮ್ಮನಿಗೆ ಹೇಳಿದರೆ, "ಯಾರಿಗೆ ಬಟ್ಟೆ ಹೊಲಿಸ್ತಾ ಇದಾರೆ?" ಎಂದು ಕೇಳಿದಳು.

ಅಮ್ಮನಿಗೆ ಈಗೀಗ ಅಷ್ಟು ಹುಷಾರಿಲ್ಲ. ಮೈಗೆ ಏನೂ ಆಗಿಲ್ಲ, ನೆನಪು ಹಿಂದೆ ಮುಂದೆ ಆಗುತ್ತದೆ. ಒಂದೊಂದು ದಿನ ನನ್ನನ್ನೇ ತನ್ನ ಅಜ್ಜಿ ಅಂದುಕೊಳ್ಳುತ್ತಾಳೆ. ಹಾಗಾಗಿ ಒಂದು ಮಾತು. ಈ ವಿಚಾರಣೆಯನ್ನು ಒಂದೆರಡು ವರ್ಷ ಮುಂದೆ ಹಾಕಿಸಲು ಆಗುವುದಿಲ್ಲವೇ? ಮನೆಯ ಮಾಡು ಸೋರುತ್ತಿದೆ, ಮೇಲಿನ ಕೋಣೆಯಲ್ಲಿ ದೊಡ್ಡವರನ್ನು ಮಲಗಿಸುವಂತಿಲ್ಲ. ಚರ್ಚಿನ ಹಳೆಯ ದಾಖಲೆ ಪುಸ್ತಕವನ್ನು ಇಲಿ ತಿಂದಿದೆ. ನಮ್ಮ ಮುದುಕರೂ ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ನಿಜ ಹೇಳಬೇಕೆಂದರೆ ನಿನಗೆ ಆ ನಿಲುವಂಗಿ ಯಾಕೆ ಬೇಕೆಂದೇ ನನಗೆ ತಿಳಿಯುವುದಿಲ್ಲ. ನೀನು ಯಾರೆಂದು ಊರಿಗೆ ಗೊತ್ತಿದೆ. ಅರ್ಜಿ ವಾಪಸು ಪಡೆದು, ವಯಸ್ಸಾಯಿತು ಎಂದು ಬರೆದುಬಿಡು.

ಬಾಗಿಲ ಪಕ್ಕದ ಕೊಕ್ಕೆಗೆ ಒಂದು ಹಂದಿ ತೊಡೆ ತೂಗುಹಾಕಿದ್ದೇನೆ. ಎದುರು ಮನೆಯ ಅಲ್ದೊನ್ಸಾ ಸಾಲ್ಸೆದೊ ಬಂದವಳು ಮೂಗು ಮೇಲೆತ್ತಿ, "ಏನ್ ಮೆನ್ಸಿಯಾ, ಒಳಗೆ ಜಾಗ ಇಲ್ವಾ, ಬೀದೀಲಿ ಮಾಂಸದಂಗಡಿ ಇಟ್ಟಿದೀಯಾ?" ಅಂದಳು. ಗಾಳಿಗೆ ಒಣಗಲಿ ಅಂತ ಅಂದೆ. ಈಗ ಎಲ್ಲವನ್ನೂ ಹಂದಿಯ ಕೊಬ್ಬಿನಲ್ಲೇ ಮಾಡಿಸುತ್ತಿದ್ದೇನೆ, ಕಡಲೆಯನ್ನು ಕೂಡ. ಬೀದಿಯ ಕೊನೆಯವರೆಗೆ ವಾಸನೆ ಹೋಗುತ್ತದೆ.

ನನ್ನ ಮಾತನ್ನು ತಳ್ಳಿಹಾಕಬೇಡ. ಬೇಗ ಬರಿ.

ಅಕ್ಕ,
ಮೆನ್ಸಿಯಾ


ಕೋಯಿರಾ, ೧೮ ಜೂನ್ ೧೬೦೭

ದೋನ್ಯಾ ಮೆನ್ಸಿಯಾ ಅವರಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸೋರುವ ಮಾಡು, ಇಲಿ, ಅಮ್ಮನ ಮರೆವು, ಮುದುಕರ ಮಾತು. ಒಂದು ಕಾರಣ ಇದ್ದಿದ್ದರೆ ನಂಬುತ್ತಿದ್ದೆ. ನಾಲ್ಕು ಕೊಟ್ಟಿದ್ದೀಯ. ಯಾರಾದರೂ ನಾಲ್ಕು ಕಾರಣ ಕೊಟ್ಟರೆ ಐದನೆಯದನ್ನು ಬಚ್ಚಿಟ್ಟಿದ್ದಾರೆ ಎಂದು ಈ ರಾಯಭಾರದ ಕೆಲಸದಲ್ಲಿ ಕಲಿತಿದ್ದೇನೆ.

ಆ ಐದನೆಯದು ನನಗೆ ಗೊತ್ತಿದೆ. ವೈದ್ಯ ಗಾಸ್ಪಾರ್ ಮೆದ್ರಾನೊ. ನಿನ್ನ ಗಂಡ ತೀರಿಕೊಂಡ ಮೇಲೆ ಅವನನ್ನು ಮದುವೆಯಾಗುತ್ತೇನೆ ಅಂದಾಗ, ರಜೆಯಲ್ಲಿ ಊರಿಗೆ ಬಂದಿದ್ದ ನಾನು ಬೇಡ ಅಂದೆ. ಅವನ ವಂಶದ ಬಗ್ಗೆ ಊರಿನಲ್ಲಿ ಮಾತಿತ್ತು, ಅವನ ತಾತ ಹೊಸದಾಗಿ ಕ್ರೈಸ್ತನಾದವನು ಎಂದು. ಆ ಕಲೆ ನಮ್ಮ ಮನೆಗೆ ಹತ್ತದಿರಲಿ ಎಂದು ತಡೆದೆ. ಇಪ್ಪತ್ತು ವರ್ಷ ನೀನು ಒಂದು ಮಾತೂ ಆಡಲಿಲ್ಲ. ಈಗ ನನ್ನ ಎದೆಗೆ ಶಿಲುಬೆ ಬರುವ ಹೊತ್ತಿಗೆ ಆ ಲೆಕ್ಕ ತೀರಿಸುತ್ತಿದ್ದೀಯ.

ವಿಚಾರಣೆಯವರು ಹೊರಟಿದ್ದಾರೆ. ಸರದಾರರ ಹೆಸರು ದೊನ್ ಗುತಿಯೆರ್ರೆ, ಪಾದ್ರಿಯ ಹೆಸರು ತೊವಾರ್. ಅವರ ಮುಂದೆ ಮುಖ ಗಂಟಿಕ್ಕಿಕೊಳ್ಳಬೇಡ. ಅಷ್ಟು ಮಾಡಿದರೆ ಸಾಕು.

ಇಲ್ಲಿ ಬಿಸಿಲು ಜೋರು. ಕಿಟಕಿಗಳನ್ನು ಮುಚ್ಚಿಯೇ ಇಟ್ಟಿರುತ್ತೇನೆ. ಊರಿನಲ್ಲಿ ಜನ ಹೆಚ್ಚಾಗಿದ್ದಾರೆ, ಗದ್ದಲ.

ಬೆಲ್ತ್ರಾನ್


ರೊಬ್ಲೆದಾಲ್, ೩ ಆಗಸ್ಟ್ ೧೬೦೭

ತಮ್ಮಾ,

ನೀನು ಬರೆದದ್ದನ್ನು ಓದಿ ಕೋಪ ಬರಬೇಕಿತ್ತು. ಅದಕ್ಕೂ ಪುರುಸೊತ್ತಿಲ್ಲ. ಈ ಪತ್ರವನ್ನು ನಿನ್ನ ಗಾರಿದೊನ ಕೈಲಿ ಕಳಿಸುತ್ತಿದ್ದೇನೆ. ಫ್ಲಾಂಡರ್ಸಿನಲ್ಲಿ ನಿನ್ನ ಜೊತೆ ಹನ್ನೊಂದು ವರ್ಷ ಇದ್ದು ಒಂದು ಕಿವಿ ಕಳೆದುಕೊಂಡು ಬಂದವನು, ಈಗ ನಮ್ಮ ಕುರಿನಾಯಿಗಳನ್ನು ನೋಡಿಕೊಳ್ಳುವವನು. ಅವನನ್ನು ಬಿಟ್ಟು ಬೇರೆ ಯಾರೂ ನನಗೆ ತೋಚಲಿಲ್ಲ.

ಆ ಇಬ್ಬರು ಬಂದು ಹನ್ನೆರಡು ದಿನವಾಯಿತು. ದೊನ್ ಗುತಿಯೆರ್ರೆ ಹೊಟ್ಟೆ ತುಂಬ ಉಂಡು ನಿದ್ದೆ ಮಾಡುತ್ತಾನೆ, ಅವನಿಂದ ತೊಂದರೆಯಿಲ್ಲ. ಪಾದ್ರಿ ತೊವಾರ್ ಸಣ್ಣಗಿದ್ದಾನೆ, ಮೆಲ್ಲಗೆ ಮಾತಾಡುತ್ತಾನೆ, ಉಣ್ಣುವಾಗ ಬೇರೆಯವರ ತಟ್ಟೆ ನೋಡುತ್ತಾನೆ. ಮೊದಲ ದಿನ ಊಟಕ್ಕೆ ಕೂತಾಗ ಹಂದಿಮಾಂಸ ಬಡಿಸಿದೆ. "ದೊಡ್ಡ ದೋನ್ಯಾ ಊಟಕ್ಕೆ ಬರಲ್ವಾ?" ಎಂದು ಕೇಳಿದ.

"ಅವರಿಗೆ ಹುಷಾರಿಲ್ಲ ಸ್ವಾಮಿ, ಮೇಲೇ ಸ್ವಲ್ಪ ಗಂಜಿ ಕುಡೀತಾರೆ."

"ಬರೀ ಗಂಜೀನಾ? ಒಂದು ಚೂರು ಕೊಬ್ಬು ಹಾಕಿದ್ರೆ ಶಕ್ತಿ ಬರುತ್ತೆ."

"ಹಾಕ್ತೀವಿ ಸ್ವಾಮಿ."

ಆಗಲೇ ಮೇಲಿಂದ ಅಮ್ಮನ ದನಿ ಕೇಳಿತು. ಹಾಡಿನಂಥ ಏನೋ. ನಮ್ಮ ಕೆಲಸದ ಹುಸ್ತಾ ನನ್ನ ಮುಖ ನೋಡಿದಳು. ಅಡುಗೆಮನೆಗೆ ಹೋಗಿ ಕುಟ್ಟಾಣಿ ತೆಗೆದುಕೊಂಡು ಬೆಳ್ಳುಳ್ಳಿ ಕುಟ್ಟತೊಡಗಿದಳು. ಕುಟ್ಟಿದಳು, ಕುಟ್ಟಿದಳು. ಪಾದ್ರಿ ಚಮಚ ಕೆಳಗಿಟ್ಟು, "ನಿಮ್ಮನೇಲಿ ಬೆಳ್ಳುಳ್ಳಿ ಜಾಸ್ತಿ ಖರ್ಚಾಗುತ್ತೆ ಅನ್ಸುತ್ತೆ" ಅಂದ. ನಾನು ಅವನ ತಟ್ಟೆಗೆ ಇನ್ನೊಂದು ತುಂಡು ಬಡಿಸಿದೆ.

ಊರಿನ ಮುದುಕರನ್ನೆಲ್ಲ ಚರ್ಚಿನ ಜಗಲಿಯಲ್ಲಿ ಕೂರಿಸಿ ಕೇಳುತ್ತಿದ್ದಾರೆ. ಬಟ್ಟೆ ಹದಮಾಡುತ್ತಿದ್ದ ಬ್ಲಾಸ್ ಒರ್ತುನ್ಯೊ, ಎಂಬತ್ತನಾಲ್ಕು ವರ್ಷ, ಒಂದು ಇಡೀ ಬೆಳಿಗ್ಗೆ ಅವರ ಮುಂದೆ ಕೂತಿದ್ದ. ಏನು ಹೇಳಿದ ಎಂದು ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕಾಗ ನನ್ನನ್ನು ಕಂಡು ಟೊಪ್ಪಿ ತೆಗೆಯಲಿಲ್ಲ. ಅವನು ಯಾವತ್ತೂ ತೆಗೆಯುತ್ತಿದ್ದ. ಈಗ ಕಣ್ಣು ಮಂಜಾಗಿದೆ, ಕಾಣಲಿಲ್ಲವೇನೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮುಂದಿನ ವಾರ ಅಪ್ಪನ ಕಡೆಯವರ ಬಗ್ಗೆ ಕೇಳಲು ನವಾರ್ರಾಕ್ಕೆ ಹೋಗುತ್ತಾರೆ. ಸಂತ ಮಿಗೆಲ್‌ನ ಹಬ್ಬ ಕಳೆದ ಮೇಲೆ ಮತ್ತೆ ಇಲ್ಲಿಗೇ ಬರುತ್ತಾರೆ, ಅಮ್ಮನನ್ನು ನೋಡಿ ಮಾತಾಡಿ ಕಡತ ಮುಗಿಸುತ್ತಾರಂತೆ.

ಉಳಿದದ್ದನ್ನು ಗಾರಿದೊ ಬಾಯಲ್ಲಿ ಹೇಳುತ್ತಾನೆ. ಅವನ ಬಾಯಿಂದ ಬಂದದ್ದು ನಾನೇ ಹೇಳಿದ್ದು ಎಂದು ತಿಳಿ. ಕೇಳುವಾಗ ಬಾಗಿಲು ಹಾಕಿಕೋ.

ಮೆನ್ಸಿಯಾ


ಕೋಮೊ, ೧೪ ಸೆಪ್ಟೆಂಬರ್ ೧೬೦೭

ಅಕ್ಕ,

ಇದನ್ನು ಗಾರಿದೊ ಬೂಟಿನೊಳಗೆ ಇಟ್ಟುಕೊಂಡು ತರುತ್ತಾನೆ. ಓದಿ ಒಲೆಗೆ ಹಾಕು. ಇದರಲ್ಲಿ ಎಲ್ಲವನ್ನೂ ಬರೆಯುತ್ತೇನೆ.

ಅವನು ಎಂಟನೆಯ ತಾರೀಖು ಕೋಯಿರಾ ತಲುಪಿದ. ಅಂಗಳದ ಗೋಡೆ ಹಾರಿ ಬಂದ, ಯಾಕೆಂದರೆ ನನ್ನ ಮುಂಬಾಗಿಲನ್ನು ಹೊರಗಿನಿಂದ ಹಲಗೆ ಹೊಡೆದು ಮುಚ್ಚಿದ್ದರು. ನಾನು ನಿನಗೆ ಬರೆದ ಗದ್ದಲ, ಬಿಸಿಲು ಎಲ್ಲ ಸುಳ್ಳು. ಜೂನ್‌ನಲ್ಲೇ ಬೆಟ್ಟದ ಎಂಟು ನೂರು ಜನ ಬಾವುಟ ಹಿಡಿದು ಊರಿಗೆ ಇಳಿದಿದ್ದರು. ಸ್ಪೇನಿನ ಅನ್ನ ತಿಂದವರು ಯಾರು ಎಂದು ಚೌಕದಲ್ಲಿ ಮೇಜು ಹಾಕಿಕೊಂಡು ವಿಚಾರಣೆಗೆ ಕೂತರು. ಹಾರ್ಟ್‌ಮನ್‌ನನ್ನು ಅವನ ಅಂಗಡಿಯ ಮುಂದೆಯೇ, ಅವನ ಹೆಂಡತಿ ನೋಡುತ್ತಿರುವಾಗ, ತಲೆ ಕಡಿದರು. ಹಿಂದಿನ ದಿನ ನಮ್ಮ ಮನೆಯಲ್ಲಿ ಊಟ ಮಾಡಿ, ಸಾರಿಗೆ ಉಪ್ಪು ಕಡಿಮೆ ಅಂದಿದ್ದ.

ನನ್ನ ಹತ್ತಿರ ಒಂದು ಪಟ್ಟಿ ಇತ್ತು. ದೊರೆಗಳ ಕಡೆ ಒಲಿದಿದ್ದ ಬೆಟ್ಟದವರ ಹೆಸರು, ನಲವತ್ತಮೂರು. ಅದು ಅವರಿಗೆ ಬೇಕಿತ್ತು. ದಿನವೂ ಬಂದು ಈಟಿಯ ಹಿಡಿಯಿಂದ ಬಾಗಿಲಿಗೆ ಗುದ್ದುತ್ತಿದ್ದರು. ರಾಯಭಾರಿಯ ಮೈ ಮುಟ್ಟಬಾರದೆಂಬ ಒಪ್ಪಂದವಿದೆ, ಆದರೆ ಗುದ್ದುವವನಿಗೆ ಒಪ್ಪಂದ ಓದಲು ಬರುವುದಿಲ್ಲ. ಏನೇ ಆದರೂ ಪಟ್ಟಿ ಉಳಿಯಬೇಕು ಎಂದು ಮ್ಯಾಡ್ರಿಡ್‌ನ ಆಜ್ಞೆ. ಆಗಸ್ಟ್ ಇಪ್ಪತ್ತೆರಡರ ಮಧ್ಯಾಹ್ನ ಡೋಲು ಬಾರಿಸುತ್ತಾ ಬಂದರು. ನಾನು ಪಟ್ಟಿಯನ್ನು ಒಲೆಗೆ ಹಾಕಿದೆ. ದೊರೆಗಳ ಮಿತ್ರರ ಪ್ರಾಣ ಉಳಿಸಲು ಹೀಗೆ ಮಾಡಿದೆ ಎಂದು ವರದಿಯೂ ಬರೆದಿಟ್ಟೆ. ಚೆನ್ನಾಗಿತ್ತು ವರದಿ. ಅದಕ್ಕೆ ಬಹುಮಾನ ಬರುತ್ತಿತ್ತು.

ಅದನ್ನು ಕಳಿಸುವ ದಾರಿ ಸಿಗುವ ಮೊದಲೇ ಗಾರಿದೊ ಬಂದ. ಒಲೆಯ ಪಕ್ಕ ಕೂತು, ಕಾಲಿನ ಬಟ್ಟೆ ಬಿಚ್ಚುತ್ತಾ ಹೇಳಿದ.

"ಸ್ವಾಮಿ, ನಿಮ್ಮಮ್ಮೋರ ಅಜ್ಜಿ ಹುಟ್ಟಿದ್ದು ಬೇರೆ ಹೆಸರಲ್ಲಂತೆ."

"ಯಾವ ಹೆಸರು?"

"ಒರೊಸೊಲ್ ಅಂತ. ಹದಿನೇಳನೇ ವಯಸ್ಸಲ್ಲಿ ಪಾದ್ರಿ ಕೈಲಿ ತಲೆಗೆ ನೀರು ಹುಯ್ಯಿಸ್ಕೊಂಡು ಕತಲೀನಾ ಆದ್ರಂತೆ. ಯಹೂದಿಗಳನ್ನೆಲ್ಲ ದೇಶ ಬಿಡಿಸಿದ್ರಲ್ಲ, ಆ ವರ್ಷ. ಅಪ್ಪ ಅಮ್ಮ ಎಲ್ಲ ಹೋದ್ರಂತೆ, ಇವರೊಬ್ರು ಉಳಕೊಂಡ್ರಂತೆ."

ಅವನು ಮುಂದುವರಿಸಿದ. "ಅಮ್ಮೋರನ್ನ ಸಾಕಿದ್ದೇ ಆ ಅಜ್ಜಿ. ಶುಕ್ರವಾರ ಏನೋ ಪ್ರಾರ್ಥನೆ ಹೇಳ್ಕೊಡೋರಂತೆ. ಅಮ್ಮೋರು ಇಷ್ಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಈಗ ಮನಸ್ಸು ಹಿಂದಕ್ಕೆ ಹೋಗಿದೆ ಸ್ವಾಮಿ. ಶುಕ್ರವಾರ ಬಂದ್ರೆ ತಲೆ ಮೇಲೆ ಬಿಳೀ ಬಟ್ಟೆ ಹಾಕ್ಕೊಂಡು ಜೋರಾಗೇ ಹೇಳ್ತಾರೆ. ಯಹೂದಿಗಳು ಹಂದಿ ಮುಟ್ಟಲ್ವಲ್ಲ, ಅದಕ್ಕೇ ನಿಮ್ಮಕ್ಕೋರು ಬಾಗಿಲಿಗೆ ಹಂದಿ ತೊಡೆ ನೇತಾಕಿರೋದು. ಅಕ್ಕೋರು ಅಂದ್ರು, ಪಾದ್ರಿ ಅದನ್ನ ಕೇಳಿಸ್ಕೊಂಡ್ರೆ ನಿಲುವಂಗಿ ಹೋಗೋದಲ್ಲ, ಧರ್ಮವಿಚಾರಣೆಯವರು ಗಾಡಿ ತಂದು ಅಮ್ಮೋರನ್ನ ಎತ್ಕೊಂಡ್ ಹೋಗ್ತಾರೆ ಅಂತ."

"ನಿನಗೇನನ್ನಿಸುತ್ತೆ ಗಾರಿದೊ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ನಂಗೇನು ಗೊತ್ತು ಸ್ವಾಮಿ. ನಾಯಿ ನೋಡ್ಕೊಳ್ಳೋನು ನಾನು. ನಾಯಿಗೂ ಹಿಂಗೇ ತಾತ ಮುತ್ತಾತನ್ನ ಕೇಳ್ತಾ ಹೋದ್ರೆ ಕುರಿ ಕಾಯಕ್ಕೆ ಒಂದೂ ಉಳಿಯಲ್ಲ."

ಅಕ್ಕ, ಐವತ್ತು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಮೆದ್ರಾನೊ ನೆನಪಾದ. ಅವತ್ತು ನಾನು ಕಲೆ ಎಂಬ ಮಾತಾಡಿದಾಗ ನೀನು ಕೈಲಿದ್ದ ಸೂಜಿ ಕೆಳಗಿಟ್ಟು ನನ್ನನ್ನೇ ನೋಡಿದೆ. ನಿನಗೆ ಎಲ್ಲ ಗೊತ್ತಿತ್ತು. ನೀನು ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಹೇಳಲಿಲ್ಲ. ಅವನು ಬೇರೆ ಊರಿಗೆ ಹೋಗಿ, ಒಂಟಿಯಾಗಿ ಸತ್ತ ಎಂದು ಕೇಳಿದ್ದೇನೆ.

ಅರ್ಜಿ ವಾಪಸು ಪಡೆಯುವಂತಿಲ್ಲ. ಮುಕ್ಕಾಲು ದಾರಿಯಲ್ಲಿ ಹಿಂದೆ ಸರಿದರೆ, ಏನೋ ಇದೆ ಎಂದು ಇನ್ನೂ ಆಳಕ್ಕೆ ಅಗೆಯುತ್ತಾರೆ. ಹಾಗಾಗಿ ಅರ್ಜಿ ಹಾಕಿದವನನ್ನೇ ಅವರು ಹೊರಗೆ ತಳ್ಳಬೇಕು. ಮೊದಲಿನ ವರದಿ ಹರಿದು ಹಾಕಿ ಇನ್ನೊಂದು ಬರೆದೆ. ಡೋಲಿನ ಸದ್ದು ಕೇಳಿ ಹೆದರಿದೆ, ಹೆದರಿ ದೊರೆಗಳ ಪಟ್ಟಿ ಸುಟ್ಟೆ, ಅಪ್ಪಣೆಯಿಲ್ಲದೆ ಗಿಣ್ಣು ಮಾರುವವನ ಅಂಗಿ ತೊಟ್ಟು ಹಿಂಬಾಗಿಲಿಂದ ಓಡಿಬಂದೆ. ಮಾಡಿದ್ದು ಒಂದೇ, ಬರೆದದ್ದು ಬೇರೆ. ಆಮೇಲೆ ಅದರಂತೆಯೇ ಇಲ್ಲಿ ಕೋಮೊಗೆ, ಮಿಲಾನಿನ ನಮ್ಮ ಗಡಿಯೊಳಗೆ, ಓಡಿಬಂದೆ. ಮಿಲಾನಿನ ವೇಗದ ಸವಾರ ಅದನ್ನು ತೆಗೆದುಕೊಂಡು ನಿನ್ನೆ ಹೊರಟ. ಹೇಡಿಗೆ ಆ ಶಿಲುಬೆ ಕೊಡುವುದಿಲ್ಲ, ಹೇಡಿಯ ಅಜ್ಜಿ ಯಾರೆಂದು ಕೇಳುವ ಕಷ್ಟವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ.

ಸವಾರ ಹೊತ್ತಿಗೆ ಸರಿಯಾಗಿ ತಲುಪುತ್ತಾನೋ ಇಲ್ಲವೋ, ಅದೇ ನನ್ನ ಭಯ. ಸಂತ ಮಿಗೆಲ್‌ನ ಹಬ್ಬಕ್ಕೆ ಉಳಿದಿರುವುದು ಹದಿನೈದೇ ದಿನ. ನನ್ನ ಬಗ್ಗೆ ಕೆಟ್ಟದ್ದು ಕೇಳಿದಾಗ ನನ್ನ ಪರವಾಗಿ ಮಾತಾಡಬೇಡ.

ಬೆಲ್ತ್ರಾನ್


ರೊಬ್ಲೆದಾಲ್, ೧೬ ಅಕ್ಟೋಬರ್ ೧೬೦೭

ದೊನ್ ಬೆಲ್ತ್ರಾನ್‌ಗೆ, ಮಿಲಾನ್

ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಮಿಲಾನಿನಲ್ಲಿ ಹಿಡಿದಿಟ್ಟಿದ್ದಾರೆ ಅನ್ನುತ್ತಾರೆ. ಗಾರಿದೊ ಇನ್ನೂ ಬಂದಿಲ್ಲ. ಮಾಡಬೇಕಿದ್ದು ಒಂದು ಸಣ್ಣ ಕೆಲಸ, ಅವನು ಹೇಳಿದ್ದನ್ನು ಕೇಳಿ ಯಾರಿಗಾದರೂ ಒಂದು ಪತ್ರ ಬರೆಯುವುದು. ಅದರ ಬದಲು ನೀನು ಏನು ಮಾಡಿದೆ ಎಂದು ಊರಿಗೆ ಊರೇ ಹೇಳುತ್ತಿದೆ.

ಶನಿವಾರ ಮ್ಯಾಡ್ರಿಡ್‌ನಿಂದ ಸವಾರ ಬಂದ. ದೊನ್ ಗುತಿಯೆರ್ರೆ ಕಾಗದ ಓದಿ ನಮ್ಮ ಜಗಲಿಯ ಮೇಲೆಯೇ ನಕ್ಕುಬಿಟ್ಟ. "ನಿಮ್ ತಮ್ಮ ಗಿಣ್ಣು ಮಾರಕ್ಕೆ ಹೋಗಿದಾರಂತೆ ದೋನ್ಯಾ" ಅಂದ. ಮಧ್ಯಾಹ್ನದೊಳಗೆ ಗಂಟುಮೂಟೆ ಕಟ್ಟಿಕೊಂಡು ಇಬ್ಬರೂ ಹೊರಟುಹೋದರು. ಸಾಯಂಕಾಲ ಬಾವಿಕಟ್ಟೆಯ ಹತ್ತಿರ ಅಲ್ದೊನ್ಸಾ ನನಗೆ ಕೇಳಲೆಂದೇ, "ಅರ್ವಿಸಾ ಮನೆ ಗಂಡಸರು ಓಡೋದ್ರಲ್ಲಿ ಯಾವಾಗ್ಲೂ ಮುಂದೆ ಕಣ್ರೇ, ಕುಂಟಾಗಿದ್ರೂ ಸೈ" ಅಂದಳು. ಎಲ್ಲರೂ ನಕ್ಕರು.

ಅವರು ಹೊರಟುಹೋದ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ. ನನಗೆ ಸಮಾಧಾನವಾಯಿತು, ಬೆಲ್ತ್ರಾನ್. ನಿನ್ನ ಮಾನ ಹೋದದ್ದರಿಂದ ನನಗೆ ಸಮಾಧಾನವಾಯಿತು. ಅದಕ್ಕೆ ನನಗೇ ನಾಚಿಕೆ. ಆದರೂ ಕೇಳುತ್ತೇನೆ, ಅಷ್ಟು ಹೆದರಿದೆಯಾ? ಓಸ್ತೆಂದ್‌ನಲ್ಲಿ ಹೆದರದವನು? ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ.

ಮೆನ್ಸಿಯಾ


ರೊಬ್ಲೆದಾಲ್, ೪ ನವೆಂಬರ್ ೧೬೦೭

ನನ್ನ ಬೆಲ್ತ್ರಾನ್,

ಗಾರಿದೊ ಮೊನ್ನೆ ಬಂದ. ಮೊದಲು ನಾಯಿಗಳ ಹತ್ತಿರ ಹೋಗಿ, ಆಮೇಲೆ ಬೂಟು ಬಿಚ್ಚಿ ನಿನ್ನ ಪತ್ರ ಕೊಟ್ಟ. ಓದಿದೆ, ಒಲೆಗೆ ಹಾಕಿದೆ. ಹದಿನಾರನೆಯ ತಾರೀಖು ನಾನು ಬರೆದ ಪತ್ರ ನಿನಗೆ ಸಿಕ್ಕದಿರಲಿ ಎಂದು ಮೂರು ದಿನದಿಂದ ಬೇಡಿಕೊಳ್ಳುತ್ತಿದ್ದೇನೆ. ಸಿಕ್ಕಿದ್ದರೆ ಅದನ್ನೂ ಸುಟ್ಟುಬಿಡು.

ನೀನು ಎಷ್ಟು ಹೊತ್ತಿಗೆ ಸರಿಯಾಗಿ ಮಾಡಿದೆ ಎಂದು ನಿನಗೆ ಗೊತ್ತಿಲ್ಲ, ಕೇಳು. ಗಾರಿದೊನೇ ಇದನ್ನು ಮಿಲಾನಿಗೆ ತರುತ್ತಾನೆ, ಪಾಪ ಅವನ ಕಾಲು. ಆ ಇಬ್ಬರು ಅಕ್ಟೋಬರ್ ಹತ್ತಕ್ಕೆ ವಾಪಸು ಬಂದರು. ಹನ್ನೆರಡನೆಯ ತಾರೀಖು ಶುಕ್ರವಾರ. ಸಂಜೆ ನಾನು ಹಿತ್ತಲಲ್ಲಿದ್ದೆ. ಒಳಗೆ ಬಂದರೆ ಹುಸ್ತಾ ಮೆಟ್ಟಿಲ ಕೆಳಗೆ ಬಿಳುಚಿಕೊಂಡು ನಿಂತಿದ್ದಳು. "ಪಾದ್ರಿ ಮೇಲೆ ಹೋದ್ರು ಅಮ್ಮಾ. ತಡಿಯಕ್ಕಾಗ್ಲಿಲ್ಲ."

ನಾನೂ ಓಡಿ ಹತ್ತಿದೆ. ಕೋಣೆಯ ಬಾಗಿಲು ತೆರೆದಿತ್ತು. ಅಮ್ಮ ತಲೆಯ ಮೇಲೆ ಬಿಳಿಯ ಬಟ್ಟೆ ಹೊದ್ದು, ಎರಡು ಕೈಯಿಂದ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಪಾದ್ರಿ ಅವಳ ಎದುರು ಮಂಚದ ಅಂಚಿನಲ್ಲಿ ಕೂತಿದ್ದ. ಅವಳು ಮುಗಿಸುವವರೆಗೂ ಕೇಳಿದ. ಆಮೇಲೆ ಮೆಲ್ಲಗೆ ಕೇಳಿದ, "ಇದು ಯಾವ ಪ್ರಾರ್ಥನೆ ತಾಯಿ?"

ಅಮ್ಮ ಕೈ ತೆಗೆದು ಅವನನ್ನೇ ನೋಡಿದಳು. ಪರಿಚಯದವನನ್ನು ನೋಡುವ ಹಾಗೆ ನೋಡಿದಳು. "ಯಾಕಪ್ಪಾ, ನಿಮ್ಮಮ್ಮ ನಿಂಗೆ ಹೇಳ್ಕೊಡ್ಲಿಲ್ವಾ?" ಅಂದಳು.

ಅವನ ಮುಖದಲ್ಲಿ ಏನಾಯಿತೆಂದು ಹೇಳಲಾರೆ. ಕೋಪವಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕೊನೆಗೆ ಅವನು ಎದ್ದು, ನನ್ನ ಪಕ್ಕ ಹಾದುಹೋಗುವಾಗ, "ನಾಳೆ ಬೆಳಿಗ್ಗೆ ಬರೆದುಕೊಳ್ಳೋನನ್ನ ಕರ್ಕೊಂಡು ಬರ್ತೀನಿ" ಎಂದಷ್ಟೇ ಅಂದ.

ಆ ರಾತ್ರಿ ನಾನೂ ಹುಸ್ತಾಳೂ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಮಾತಾಡಿದೆವು. ಎಲ್ಲಿಗೂ ಇರಲಿಲ್ಲ. ಅವಳ ಬಾಯಿಗೆ ಬಟ್ಟೆ ಕಟ್ಟುವ ಮಾತನ್ನೂ ಆಡಿದೆ. ಹೌದು, ನಾನೇ ಆಡಿದೆ.

ಬೆಳಿಗ್ಗೆ ಹತ್ತಕ್ಕೆ ಮುಂಚೆ ಸವಾರ ಬಂದ. ಬರೆದುಕೊಳ್ಳುವವನು ಶಾಯಿಬುಡ್ಡಿ ಹಿಡಿದು ನಮ್ಮ ಜಗಲಿಯಲ್ಲಿ ಕಾಯುತ್ತಾ ಕೂತಿದ್ದ. ಅಷ್ಟೇ ಅಂತರ, ತಮ್ಮಾ. ಕಾಗದ ಓದಿದ ಮೇಲೆ ಪಾದ್ರಿ ಅವನಿಗೆ ಮನೆಗೆ ಹೋಗು ಅಂದ. ಹೊರಡುವಾಗ ಹೇಸರಗತ್ತೆಯ ಮೇಲೆ ಕೂತು, ದೊನ್ ಗುತಿಯೆರ್ರೆಗೆ ಕೇಳದ ಹಾಗೆ ನನಗೆ ಹೇಳಿದ, "ಶುಕ್ರವಾರ ನಿಮ್ಮ ತಾಯಿ ಯಾರನ್ನೂ ನೋಡದೇ ಇದ್ರೆ ಒಳ್ಳೇದು." ಕರುಣೆಯಿಂದ ಹೇಳಿದನೋ ಹೆದರಿಸಿದನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬ್ಲಾಸ್ ಏನು ಹೇಳಿದನೋ ಅದೂ ಅವನ ಚೀಲದಲ್ಲೇ ಹೋಯಿತು.

ಗಾಸ್ಪಾರ್ ಬಗ್ಗೆ ಬರೆದಿದ್ದೀಯ. ಅವನಿಗೆ ನಮ್ಮ ಮನೆಯ ವಿಷಯ ಗೊತ್ತಿತ್ತು, ನಾನೇ ಹೇಳಿದ್ದೆ. ನಿನಗೆ ಹೇಳಬೇಡ ಅಂದವನು ಅವನೇ. "ನಿನ್ ತಮ್ಮ ಸಿಪಾಯಿ, ಎದುರಿಗೆ ಇರೋ ಶತ್ರು ಸಾಕು ಅವನಿಗೆ" ಅಂದಿದ್ದ. ನಿನ್ನ ಮೇಲೆ ನನಗೆ ಸಿಟ್ಟಿತ್ತು. ಇಪ್ಪತ್ತು ವರ್ಷ ಇತ್ತು. ಈಗ ಹುಡುಕಿದರೆ ಸ್ವಲ್ಪ ಸಿಗುತ್ತದೆ, ಹೆಚ್ಚಿಲ್ಲ.

ನಿನ್ನ ಅಕ್ಕ,
ಮೆನ್ಸಿಯಾ


ಕಾರ್ತಹೇನಾ, ೨೦ ಜನವರಿ ೧೬೦೮

ಅಕ್ಕ,

ನಿನ್ನ ಎರಡು ಪತ್ರಗಳ ಪೈಕಿ ಮೊದಲನೆಯದೂ ಸಿಕ್ಕಿತು. ಅದೇ ಮೊದಲು ಸಿಕ್ಕಿತು. ಮಿಲಾನಿನ ಸೆರೆಕೋಣೆಯಲ್ಲಿ ಅದನ್ನು ಓದಿ ಹೇಗಾಯಿತೆಂದು ಬರೆಯುವುದಿಲ್ಲ. ಎರಡನೆಯದನ್ನು ಗಾರಿದೊ ಹದಿನೆಂಟು ದಿನ ಆದಮೇಲೆ ತಂದ.

ತೀರ್ಪು ಬಂತು. ರಾಜಧಾನಿಯ ಕಡೆ ಸುಳಿಯಬಾರದು, ಸ್ವಂತ ಊರಿಗೂ ಹೋಗಬಾರದು. ಐದು ವರ್ಷ ಇಲ್ಲಿಯ ಕಡಲ ಕೋಟೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಕಾವಲು. ಮೂರು ದಿನಕ್ಕೊಮ್ಮೆ ಗೋಪುರದ ಮೇಲೆ ನಿಂತು ಕಳ್ಳರ ಹಡಗು ಬರುತ್ತದೆಯೇ ಎಂದು ನೋಡುತ್ತೇನೆ. ಅರ್ಜಿಯನ್ನು ಪುಸ್ತಕದಿಂದ ಹೊಡೆದುಹಾಕಿದ್ದಾರೆ.

ಇಲ್ಲಿಯ ಕ್ಯಾಪ್ಟನ್‌ಗೆ ಇಪ್ಪತ್ತನಾಲ್ಕು ವರ್ಷ, ಗುಂಡಿನ ಸದ್ದು ಹಬ್ಬದಲ್ಲಿ ಕೇಳಿರಬಹುದು. ಮೊದಲ ದಿನವೇ ಎಲ್ಲರ ಮುಂದೆ, "ಏನ್ ದೊನ್, ಇವತ್ತು ಗಿಣ್ಣು ಎಷ್ಟಕ್ಕೆ ಕೊಡ್ತೀರಿ?" ಅಂದ. ಅವತ್ತಿನಿಂದ ನನ್ನ ಹೆಸರು ಅದೇ. ಮೊದಲ ವಾರ ಕೈ ಸೊಂಟಕ್ಕೆ ಹೋಗುತ್ತಿತ್ತು, ಕತ್ತಿಯ ಹಿಡಿ ಹುಡುಕಿಕೊಂಡು. ಈಗ ಹೋಗುವುದಿಲ್ಲ. "ಹಳೇದು ಸ್ವಾಮಿ, ವಾಸನೆ ಬರುತ್ತೆ, ನಿಮಗಾಗಲ್ಲ" ಅಂದೆ ಮೊನ್ನೆ. ಅವನೂ ನಕ್ಕ.

ಒಂದು ಮಾತು ನಿನಗೆ ಹೇಳಲೇಬೇಕು, ಯಾಕೆಂದರೆ ನೀನು ಈಗ ನನ್ನನ್ನು ವೀರ ಅಂದುಕೊಂಡಿದ್ದೀಯ. ಎರಡನೆಯ ವರದಿಯಲ್ಲಿ ಬರೆದದ್ದು ಸುಳ್ಳಲ್ಲ. ಡೋಲು ಕೇಳಿದಾಗ ನನಗೆ ಆ ನಲವತ್ತಮೂರು ಜನ ನೆನಪಾಗಲಿಲ್ಲ. ಹಾರ್ಟ್‌ಮನ್‌ನ ಅಂಗಡಿಯ ಮುಂದಿನ ಕಲ್ಲು ನೆನಪಾಯಿತು. ಪಟ್ಟಿಯನ್ನು ಒಲೆಯ ಬಾಯಿಗೆ ಹಿಡಿದಾಗ ಅದು ಎರಡು ಸಲ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಚೆನ್ನಾದ ಕಾರಣವನ್ನು ಆಮೇಲೆ ಬರೆಯುವಾಗ ಹುಡುಕಿದೆ. ಮೊದಲನೆಯ ವರದಿಯೇ ಸುಳ್ಳು, ಅಕ್ಕ. ಗಾರಿದೊ ಬಂದದ್ದರಿಂದ ನಾನು ನಿಜ ಬರೆದೆ.

ಅಮ್ಮನನ್ನು ಇನ್ನು ನೋಡುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೇನೆ. ಐದು ವರ್ಷ ಬಹಳ ಉದ್ದ. ಇದನ್ನೂ ಗಾರಿದೊನ ಕೈಲೇ ಕಳಿಸುತ್ತಿದ್ದೇನೆ. ಇನ್ನು ಅವನನ್ನು ನಡೆಸುವುದು ಬೇಡ.

ಬೆಲ್ತ್ರಾನ್


ರೊಬ್ಲೆದಾಲ್, ೧೭ ಫೆಬ್ರವರಿ ೧೬೦೮

ತಮ್ಮಾ,

ಹೆದರಿದವನು ನೀನೊಬ್ಬನೇ ಅಂದುಕೊಂಡೆಯಾ? ಬಾಯಿಗೆ ಬಟ್ಟೆ ಕಟ್ಟೋಣ ಅಂದವಳು ನಾನು. ಆ ಮಾತನ್ನು ಇಲ್ಲಿಗೆ ಬಿಡೋಣ.

ಈ ಊರಿನಲ್ಲಿ ನನಗೆ ಉಸಿರು ಕಟ್ಟುತ್ತಿದೆ. ಗಾಡಿಯ ಸದ್ದಾದರೆ ಹುಸ್ತಾ ಕುಟ್ಟಾಣಿಗೆ ಓಡುತ್ತಾಳೆ. ಆ ಕಡತ ಮ್ಯಾಡ್ರಿಡ್‌ನಲ್ಲಿ ಯಾವುದೋ ಪೆಟ್ಟಿಗೆಯಲ್ಲಿದೆ, ಯಾರಾದರೂ ಧೂಳು ಕೊಡವಿ ತೆಗೆದರೆ ಆಯಿತು. ಅಲ್ದೊನ್ಸಾ ಮೊನ್ನೆ, "ನಿಮ್ಮಮ್ಮನ ಹಾಡು ಚೆನ್ನಾಗಿದೆ ಕಣೇ, ನಂಗೂ ಹೇಳ್ಕೊಡ್ತಾರಾ?" ಎಂದು ಕೇಳಿದಳು. ನಕ್ಕೇ ಕೇಳಿದಳು. ಅವತ್ತೇ ತೀರ್ಮಾನ ಮಾಡಿದೆ.

ನಿನಗೆ ಊರಿಗೆ ಬರಲು ಅಪ್ಪಣೆಯಿಲ್ಲ. ನಾವು ಅಲ್ಲಿಗೆ ಬರಬಾರದೆಂದು ಯಾರೂ ಬರೆದಿಲ್ಲ. ಮನೆಯನ್ನು ಅಪ್ಪನ ಕಡೆಯವರಿಗೆ ಒಪ್ಪಿಸಿದ್ದೇನೆ. ಬರುವ ಮಂಗಳವಾರ ಉಣ್ಣೆಯ ಗಾಡಿಗಳ ಜೊತೆ ಹೊರಡುತ್ತೇವೆ, ಅಮ್ಮ, ನಾನು, ಹುಸ್ತಾ. ಗಾರಿದೊ ಬರುವುದಿಲ್ಲ ಅಂದಿದ್ದ, ಆಮೇಲೆ ಎರಡು ನಾಯಿ ಕರೆದುಕೊಂಡು ಬರಬಹುದಾ ಎಂದು ಕೇಳಿದ. ಇಪ್ಪತ್ತೈದು ದಿನದ ದಾರಿಯಂತೆ. ಮಧ್ಯೆ ನಾಲ್ಕು ಶುಕ್ರವಾರ ಬರುತ್ತವೆ, ಆ ದಿನಗಳಲ್ಲಿ ಊರಿಗೆ ಹೋಗದೆ ಬಯಲಲ್ಲೇ ಗಾಡಿ ನಿಲ್ಲಿಸುತ್ತೇವೆ. ಗಾಡಿಯವನಿಗೆ ಮುದುಕಿಗೆ ಸಂಕಟ ಎಂದು ಹೇಳಿದರಾಯಿತು.

ಅಮ್ಮ ಮದುವೆಗೆ ಹೋಗುತ್ತಿದ್ದೇವೆ ಅಂದುಕೊಂಡಿದ್ದಾಳೆ. ಯಾರ ಮದುವೆ ಎಂದು ಕೇಳಿದರೆ ನಾಚಿಕೊಳ್ಳುತ್ತಾಳೆ. ನಿನ್ನನ್ನು ನೋಡಿ ಯಾರು ಅನ್ನುತ್ತಾಳೋ ಗೊತ್ತಿಲ್ಲ, ಅವಳು ಏನಂದರೂ ನೀನು ಹೂಂ ಅನ್ನು.

ಒಂದು ಕೋಣೆ ನೋಡಿಡು. ದೊಡ್ಡದು ಬೇಡ, ನಾಲ್ಕು ಜನ ಮಲಗುವಷ್ಟಿದ್ದರೆ ಸಾಕು. ಕಿಟಕಿ ಬೀದಿಯ ಕಡೆ ಬೇಡ. ಸಮುದ್ರದ ಕಡೆಗೆ ಇರಲಿ. ಅಲ್ಲಿ ಅಲೆಗಳ ಸದ್ದು ಜೋರಾಗಿರುತ್ತದೆಯಂತೆ, ಒಳಗೆ ಯಾರು ಏನು ಹೇಳಿದರೂ ಹೊರಗೆ ಕೇಳುವುದಿಲ್ಲವಂತೆ.

ಮೆನ್ಸಿಯಾ